ಜೀವಕೋಶವು ದಿಕ್ಕನ್ನು ಅರಿಯುವ ಬಗೆ

ಅಂಗಾಲಿಗೆ ಜಾಲಿಯ ಮುಳ್ಳು ಚುಚ್ಚಿ ಅದರ ತುದಿ ಒಳಗೇ ಮುರಿದು ಉಳಿದರೆ, ಒಂದೆರಡು ದಿನಗಳಲ್ಲಿ ಆ ಸ್ಥಳವು ಕೆಂಪಗೆ ಬಾತುಕೊಳ್ಳುತ್ತದೆ; ಆಮೇಲೆ ಕೀವು ಕಟ್ಟುತ್ತದೆ; ಕೀವಿನೊಡನೆ ಮುಳ್ಳೂ ಹೊರಕ್ಕೆ ಬರುವುದುಂಟು. ಕೀವೆಂದರೆ ಎಲ್ಲರಿಗೂ ಹೇಸಿಗೆಯೇ. ಆದರೆ ಅದರ ಒಂದು ತೊಟ್ಟನ್ನು ಗಾಜಿನ ಮೇಲೆ ತೆಳ್ಳಗೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅದು ಬಹುಮಟ್ಟಿಗೆ ಸತ್ತ ಬಿಳಿಯ ರಕ್ತಕಣಗಳ ರಾಶಿಯೆಂದು ಗೊತ್ತಾಗುತ್ತದೆ. ಈ ಕಣಗಳು ಆ ಜಾಗದಲ್ಲಿ ಹುಟ್ಟಿದವಲ್ಲ. ಎಲುಬಿನ ಮಜ್ಜೆಯಲ್ಲಿ ಹುಟ್ಟಿ, ರಕ್ತದೊಡನೆ ಮೈಯೆಲ್ಲ ಸುತ್ತುತ್ತಿದ್ದು, ಮುಳ್ಳಿನ ಸಮೀಪಕ್ಕೆ ಬಂದಾಗ ಸಣ್ಣ ರಕ್ತನಾಳದ ಗೋಡೆಯನ್ನು ನುಸುಳಿ ಹೊರಬಿದ್ದು, ಮಾಂಸದ ಎಳೆಗಳ ನಡುವೆ ತೆವಳಿಕೊಂಡು ಅಲ್ಲಿಗೆ ಬಂದವು. ಅವುಗಳಿಗೆ ಕಣ್ಣಿಲ್ಲ, ಮೂಗಿಲ್ಲ, ನರವಿಲ್ಲ, ಮಿದುಳಿಲ್ಲ. ಹೀಗಿದ್ದೂ ಮುಳ್ಳಿರುವ ದಿಕ್ಕನ್ನೇ ಹಿಡಿದು ಬಂದುದು ಹೇಗೆ? ಈ ಉಪನ್ಯಾಸದಲ್ಲಿ ನಾವು ವಿಚಾರಮಾಡಬೇಕೆಂದಿರುವುದು ಈ ಒಂದು ಪ್ರಶ್ನೆಯನ್ನು.

ಶಾಲೆಯ ಪುಸ್ತಕಗಳು ಬಿಳಿಯ ಕಣಗಳನ್ನು ದೇಹವೆಂಬ ಕೋಟೆಯ ಸಿಪಾಯಿಗಳೆಂದು ಬಣ್ಣಿಸುತ್ತವೆ. ಮಕ್ಕಳಿಗೆ ಇದು ಸೊಗಸಾದ ಹೋಲಿಕೆ. ಆದರೆ ನಮ್ಮ ಪ್ರಶ್ನೆಗೆ ಅಡ್ಡಿಯಾಗುವ ಹೋಲಿಕೆಯೂ ಹೌದು. ಸಿಪಾಯಿಗಳಿಗೆ ಹೀಗೆ ಹೋಗಿ ಎಂದು ಅಪ್ಪಣೆಮಾಡುವ ದಳವಾಯಿಯೊಬ್ಬನಿರುತ್ತಾನೆ. ಇಲ್ಲಿ ಅಂಥವನಾರೂ ಇಲ್ಲ. ಪ್ರತಿಯೊಂದು ಕಣವೂ ತನ್ನ ದಾರಿಯನ್ನು ತಾನೇ ಕಂಡುಕೊಳ್ಳಬೇಕು. ಅದರ ಮೈಯ ಅಳತೆ ಸುಮಾರು ೧೦ ಮೈಕ್ರಾನು, ಎಂದರೆ ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲು. ಅದು ನಿಮಿಷಕ್ಕೆ ಹೆಚ್ಚುಕಡಮೆ ತನ್ನ ಮೈಯ ಅಳತೆಯಷ್ಟು ದೂರ ಸಾಗುತ್ತದೆ. ಈ ನಡಗೆಯಲ್ಲಿ ಒಂದು ಮಿಲಿಮೀಟರು ದಾಟುವುದಕ್ಕೆ ೧೦೦ ನಿಮಿಷ ಬೇಕು. ಅನುಕೂಲವಾದ ಸ್ಥಿತಿಯಲ್ಲಿ ೨೦ ನಿಮಿಷಕ್ಕೊಮ್ಮೆ ಇಮ್ಮಡಿಯಾಗುವ ಬ್ಯಾಕ್ಟೀರಿಯವು ಅಷ್ಟು ಹೊತ್ತಿಗೆ ಒಂದಿದ್ದುದು ಮೂವತ್ತೆರಡಾಗಿರುತ್ತದೆ. ಆದ್ದರಿಂದ ದಾರಿ ತಪ್ಪಿ ಅಲೆಯುವುದಕ್ಕೆ ಈ ಕಣಕ್ಕೆ ಪುರಸತ್ತಿಲ್ಲ.

ಬಿಳಿಯ ಕಣಗಳು ಗಾಯದ ಕಡೆಗೆ ತಾವಾಗಿಯೇ ನಡೆದುಹೋಗುತ್ತವೆಂಬ ಸಂಗತಿಗೆ ಅರ್ಥವನ್ನು ಕಂಡವನು ರಷ್ಯಾದ ಪ್ರಾಣಿಶಾಸ್ತ್ರಜ್ಞ ಈಲಿಯ ಮೆಚ್ನಿಕಾಫ್. ೧೮೮೨ನೆಯ ಇಸವಿಯ ಕೊನೆಯಲ್ಲಿ ಆತನು ಸಿಸಿಲಿ ದ್ವೀಪದ ಮೆಸ್ಸೀನ ಪಟ್ಟಣದಲ್ಲಿದ್ದನು. ಮನೆಯವರೆಲ್ಲರೂ ಸರ್ಕಸ್ಸಿನ ಕಪಿಗಳ ಆಟವನ್ನು ನೋಡುವುದಕ್ಕೆ ಹೋಗಿದ್ದಾಗ ಒಬ್ಬನೇ ಕುಳಿತು ನಕ್ಷತ್ರಮೀನಿನ ಮರಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದನು. ಆ ಮರಿಗಳ ಮೈ ಗಾಜಿನಂತೆ ಪಾರದರ್ಶಕವಾದುದು. ಒಳಗೆ ಅಲೆದಾಡುವ ಕಣಗಳು ಹೊರಕ್ಕೆ ಕಾಣಿಸುತ್ತವೆ. ತೋಟದಿಂದ ಗುಲಾಬಿಯ ಮುಳ್ಳನ್ನು ತಂದು ಮರಿಯ ಮೈಗೆ ಚುಚ್ಚಿ, ಬೆಳಗಿನವರೆಗೆ ಕಾದು ನೋಡಿದನು. ಅಲೆಮಾರಿ ಕಣಗಳು ಮುಳ್ಳನ್ನು ಮುತ್ತಿಕೊಂಡಿದ್ದವು. ಈ ಮಾರ್ಗದಲ್ಲಿ ಮಾಡಿದ ಕೆಲಸಕ್ಕಾಗಿ ಆತನಿಗೆ ೧೯೦೮ರಲ್ಲಿ ನೊಬೆಲ್ ಪಾರಿತೋಷಕದ ಒಂದು ಪಾಲು ದೊರೆಯಿತು.

ಕಣಗಳು ಹೋದುದೇನೋ ದಿಟ; ಅವನ್ನು ಕರೆದುದು ಯಾವುದು? ಇದಕ್ಕೆ ಉತ್ತರ ಮೊದಲು ದೊರೆತುದು ಸಸ್ಯಶಾಸ್ತ್ರದಲ್ಲಿ. ೧೮೮೪ರಲ್ಲಿ ಜರ್ಮನಿಯ ವಿಲ್‌ಹೆಲ್ಮ್ ಫೆಫರ್ ಎಂಬುವನು ಕೂದಲಿನಂಥ ಗಾಜಿನ ಕೊಳವೆಯಲ್ಲಿ ಮ್ಯಾಲಿಕ್ ಆಮ್ಲವನ್ನು ತುಂಬಿ, ಜರೀಗಿಡದ ರೇತಃಕಣಗಳು ಈಜುತ್ತಿದ್ದ ನೀರಿನಲ್ಲಿ ಅದರ ಬಾಯನ್ನು ಮುಳುಗಿಸಿದಾಗ, ಆ ಕಣಗಳು ಕೊಳವೆಯ ಬಾಯಿಗೆ ಬಂದು ಕಿಕ್ಕಿರಿದವು. ೧೮೮೮ರಲ್ಲಿ ಥಿಯೊಡೋರ್ ಲೇಬರ್ ಎಂಬ ಕಣ್ಣಿನ ವೈದ್ಯನು ಬಿಳಿಯ ರಕ್ತಕಣಗಳಿಗೂ ಇಂಥ ಗುಣವಿದೆಯೆಂದು ವಾದಿಸಿದನು. ಪಾಶ್ಚಾತ್ಯರು ಇದನ್ನು ಕೀಮೋಟ್ಯಾಕ್ಸಿಸ್ ಎನ್ನುತ್ತಾರೆ. ನಮ್ಮ ಹಳ್ಳಿಗಳಲ್ಲಿ ಹೇಳುವ ‘ಜಾಡು ಹಿಡಿಯುವುದು’ ಎಂಬ ಮಾತು ನಮ್ಮ ಕೆಲಸಕ್ಕೆ ಸಾಕು.

ಆ ಜಾಡು ಯಾವ ದ್ರವ್ಯದ್ದು ಎಂಬುದು ೧೯೭೫ರವರೆಗೆ ಸ್ಪಷ್ಟವಾಗಿರಲಿಲ್ಲ. ಬ್ಯಾಕ್ಟೀರಿಯಗಳು ತಮ್ಮ ಪ್ರೋಟೀನುಗಳನ್ನು ಹೆಣೆಯುವಾಗ ಮೊದಲನೆಯ ಮಣಿಯಾಗಿ ಫಾರ್ಮೈಲ್ ಮಿಥಿಯೊನೀನ್ ಎಂಬ ಒಂದು ವಿಶಿಷ್ಟ ಅಮೈನೊ ಆಮ್ಲವನ್ನು ಪೋಣಿಸುತ್ತವೆ. ನಮ್ಮ ಕೋಶದ ಸಾಮಾನ್ಯ ಪ್ರೋಟೀನುಗಳಲ್ಲಿ ಆ ಮೊದಲ ಮಣಿ ಇರುವುದಿಲ್ಲ. ಈ ಮಣಿಯುಳ್ಳ ಚಿಕ್ಕ ತುಣುಕುಗಳೇ ಬಿಳಿಯ ಕಣಗಳನ್ನು ಸೆಳೆಯುತ್ತವೆಂದು ಶಿಫ್‌ಮನ್ ಮತ್ತು ಆತನ ಸಂಗಡಿಗರು ಆ ವರ್ಷ ತೋರಿಸಿದರು. ಕಳ್ಳನು ತನ್ನ ಬೆವರಿನ ವಾಸನೆಯನ್ನು ಬಿಟ್ಟುಹೋಗುವಂತೆ ಬ್ಯಾಕ್ಟೀರಿಯವು ತನ್ನ ಹುಟ್ಟಿನ ಗುರುತನ್ನು ಸುತ್ತಲೂ ಚೆಲ್ಲುತ್ತದೆ. ಇದಲ್ಲದೆ ಗಾಯಗೊಂಡ ನಮ್ಮ ಕೋಶಗಳೇ ಸ್ರವಿಸುವ ಕೀಮೊಕೈನ್‌ಗಳೆಂಬ ಕಿರು ಪ್ರೋಟೀನುಗಳೂ ಕರೆಯನ್ನು ಕಳುಹಿಸುತ್ತವೆ.

ಇಷ್ಟು ತಿಳಿದಮೇಲೆ ವಿಷಯ ಮುಗಿಯಿತೆಂದು ಯಾರಿಗಾದರೂ ತೋರಬಹುದು: ಬೆಲ್ಲವಿದ್ದಲ್ಲಿಗೆ ಇರುವೆ ಬರುವುದಿಲ್ಲವೇ, ಹಾಗೆಯೇ ಇದು ಎಂದು. ಆದರೆ ನಿಜವಾದ ತೊಡಕು ಪ್ರಾರಂಭವಾಗುವುದು ಇಲ್ಲಿಂದಲೇ. ವಾಸನೆಯು ಇದೆ ಎಂದು ತಿಳಿಯುವುದು ಬೇರೆ, ಅದು ಯಾವ ದಿಕ್ಕಿನಿಂದ ಬರುತ್ತಿದೆಯೆಂದು ತಿಳಿಯುವುದು ಬೇರೆ. ಸೆಳೆಯುವ ದ್ರವ್ಯವು ಗಾಯದ ಹತ್ತಿರ ಹೆಚ್ಚಾಗಿಯೂ ದೂರದಲ್ಲಿ ಕಡಮೆಯಾಗಿಯೂ ಹರಡಿರುತ್ತದೆ, ಸರಿ. ಆದರೆ ಹತ್ತು ಮೈಕ್ರಾನಿನ ಒಂದು ಕಣದ ಮುಂದಲೆಗೂ ಹಿಂಬದಿಗೂ ನಡುವೆ ಆ ದ್ರವ್ಯದ ಪ್ರಮಾಣದಲ್ಲಿ ಎಷ್ಟು ಮಾತ್ರ ವ್ಯತ್ಯಾಸವಿದ್ದೀತು? ೧೯೭೭ರಲ್ಲಿ ಸ್ಯಾಲಿ ಜಿಗ್‌ಮಂಡ್ ಎಂಬ ವಿದುಷಿಯು ಇದಕ್ಕಾಗಿಯೇ ಒಂದು ಗಾಜಿನ ಸಾಧನವನ್ನು ರಚಿಸಿ ಅಳೆದುನೋಡಿದಾಗ, ಮೈಯ ಉದ್ದಕ್ಕೆ ನೂರರಲ್ಲಿ ಒಂದು ಪಾಲಿನಷ್ಟು ವ್ಯತ್ಯಾಸವಿದ್ದರೂ ಬಿಳಿಯ ಕಣವು ದಿಕ್ಕನ್ನು ಗುರುತಿಸಬಲ್ಲದೆಂದು ಕಂಡುಬಂದಿತು.

ಈ ಮಾತಿನ ತೂಕವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಕಣದ ಹೊರಪೊರೆಯಲ್ಲಿ ಆ ದ್ರವ್ಯದ ಅಣುಗಳನ್ನು ಹಿಡಿಯುವ ಗ್ರಾಹಕಗಳೆಂಬ ಪ್ರೋಟೀನುಗಳಿವೆ. ಒಂದು ಕ್ಷಣದಲ್ಲಿ ಇಪ್ಪತ್ತು ಸಾವಿರ ಗ್ರಾಹಕಗಳು ತುಂಬಿವೆಯೆಂದು ಲೆಕ್ಕಕ್ಕಾಗಿ ಭಾವಿಸೋಣ; ಮುಂದಿನರ್ಧದಲ್ಲಿ ಹತ್ತು ಸಾವಿರ, ಹಿಂದಿನರ್ಧದಲ್ಲಿ ಹತ್ತು ಸಾವಿರ. ನೂರಕ್ಕೊಂದರ ವ್ಯತ್ಯಾಸವೆಂದರೆ ಹೆಚ್ಚೆಂದರೆ ನೂರು ಗ್ರಾಹಕಗಳ ಅಂತರ. ಆದರೆ ಅಣುಗಳು ಒಂದೇ ಸಮನೆ ಬಂದು ತಗಲುವುದಿಲ್ಲ. ಮಳೆಯ ಹನಿಗಳಂತೆ ಒಮ್ಮೆ ಹೆಚ್ಚು ಒಮ್ಮೆ ಕಡಮೆ ಬೀಳುತ್ತವೆ. ಹತ್ತು ಸಾವಿರದ ಎಣಿಕೆಯಲ್ಲಿ ಬರಿಯ ಆಕಸ್ಮಿಕದಿಂದಲೇ ನೂರರಷ್ಟು ಏರಿಳಿತವಿರುವುದು ಸಹಜವೆಂದು ಗಣಿತವು ಹೇಳುತ್ತದೆ. ಎಂದಮೇಲೆ ಕಣಕ್ಕೆ ತಲಪುವ ಸುದ್ದಿಯೂ ಸುಳ್ಳುಸುದ್ದಿಯೂ ಸಮಸಮವಾಗಿವೆ! ಸಂತೆಯ ಗದ್ದಲದಲ್ಲಿ, ಆ ಗದ್ದಲಕ್ಕಿಂತ ಗಟ್ಟಿಯಲ್ಲದ ಒಂದು ಪಿಸುಮಾತನ್ನು ಕೇಳಿ ನಡೆಯುವಂತೆ ಇದು.

ಇದರ ಗುಟ್ಟನ್ನು ಬಿಡಿಸುವುದಕ್ಕೆ ಶಾಸ್ತ್ರಜ್ಞರಿಗೆ ನೆರವಾದುದು ಮನುಷ್ಯನ ರಕ್ತಕ್ಕಿಂತ ಹೆಚ್ಚಾಗಿ ಕಾಡಿನ ಕೊಳೆತ ಎಲೆಗಳಲ್ಲಿ ವಾಸಿಸುವ ಒಂದು ಅಮೀಬ. ಅಮೆರಿಕದ ಕೆನೆತ್ ರೇಪರ್ ಎಂಬಾತನು ಉತ್ತರ ಕ್ಯಾರೊಲೈನದ ಕಾಡಿನಿಂದ ಅದನ್ನು ತಂದು ೧೯೩೫ರಲ್ಲಿ ಅದಕ್ಕೆ ಡಿಕ್ಟಿಯೋಸ್ಟೀಲಿಯಮ್ ಡಿಸ್ಕಾಯ್ಡಿಯಮ್ ಎಂದು ಹೆಸರಿಟ್ಟನು. ಹೆಸರು ಉದ್ದವಾಯಿತು, ಎಲೆಯಮೀಬವೆಂದು ಕರೆಯೋಣ. ಆಹಾರವಿರುವವರೆಗೆ ಇವು ಒಂಟೊಂಟಿಯಾಗಿ ಬ್ಯಾಕ್ಟೀರಿಯಗಳನ್ನು ತಿಂದುಕೊಂಡಿರುತ್ತವೆ. ಆಹಾರ ತೀರಿದಾಗ ಸುತ್ತಣ ಅಮೀಬಗಳೆಲ್ಲ ಒಂದು ಕೇಂದ್ರದ ಕಡೆಗೆ ಹೊಳೆಗಳಂತೆ ಹರಿದುಬಂದು, ಒಂದು ಲಕ್ಷದವರೆಗೂ ಕೂಡಿಕೊಂಡು, ಒಂದೇ ಜೀವಿಯೋ ಎಂಬಂತೆ ಹುಳುವಿನ ಆಕಾರದಲ್ಲಿ ತೆವಳಿ, ಕೊನೆಗೆ ಒಂದು ದಂಟಿನ ತುದಿಯಲ್ಲಿ ಬೀಜಕಣಗಳ ಗುಂಡಾಗಿ ನಿಲ್ಲುತ್ತವೆ. ದಂಟಾದವು ಸಾಯುತ್ತವೆ, ಬೀಜಕಣಗಳಾದವು ಗಾಳಿಗೋ ನೀರಿಗೋ ಸಿಕ್ಕಿ ಬದುಕುತ್ತವೆ. ಈ ಜಾತಿಯ ಜೀವಿಗಳು ನಮಗೆ ತೀರ ದೂರದವಲ್ಲ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯಾನಂದ ನಂಜುಂಡಯ್ಯನವರು ಬಹುಕಾಲ ಇವುಗಳ ಅಭ್ಯಾಸಮಾಡಿದರು. ಅವರೂ ಅವರ ಸಂಗಡಿಗರೂ ಮುದುಮಲೆಯ ಕಾಡಿನ ಮಣ್ಣಿನಿಂದಲೂ ಪ್ರಾಣಿಗಳ ಲದ್ದಿಯಿಂದಲೂ ಇವನ್ನು ಸಂಗ್ರಹಿಸಿದರು.

ಅಮೀಬಗಳನ್ನು ಕೂಡಿಸುವುದು ನೀರಿನಲ್ಲಿ ಹರಡುವ ಒಂದು ದ್ರವ್ಯವೆಂದು ಜಾನ್ ಟೈಲರ್ ಬಾನರ್ ೧೯೪೭ರಲ್ಲಿ ಬಹು ಸರಳವಾದ ಪರೀಕ್ಷೆಯಿಂದ ತೋರಿಸಿದನು. ಕೂಡಿಕೊಳ್ಳುತ್ತಿದ್ದ ಅಮೀಬಗಳ ಮೇಲೆ ಮೆಲ್ಲನೆ ನೀರನ್ನು ಹರಿಸಿದಾಗ, ಕೇಂದ್ರದ ಕೆಳಹರಿವಿನಲ್ಲಿದ್ದವು ಮಾತ್ರ ಕೇಂದ್ರಕ್ಕೆ ಮುಖಮಾಡಿದವು. ಮೇಲ್ಹರಿವಿನಲ್ಲಿದ್ದವಕ್ಕೆ ಏನೂ ತಿಳಿಯಲಿಲ್ಲ. ಆ ದ್ರವ್ಯಕ್ಕೆ ಬಾನರ್ ಅಕ್ರಾಸಿನ್ ಎಂದು ಹೆಸರಿಟ್ಟನು. ಆಂಗ್ಲ ಕವಿ ಸ್ಪೆನ್ಸರನ ಕಾವ್ಯದಲ್ಲಿ ಗಂಡಸರನ್ನು ಸೆಳೆದು ಮೃಗಗಳನ್ನಾಗಿ ಮಾಡುವ ಅಕ್ರೇಸಿಯ ಎಂಬ ಮಾಯಾವಿನಿಯೊಬ್ಬಳಿದ್ದಾಳೆ. ವಿಜ್ಞಾನಿಗಳು ಕಾವ್ಯವನ್ನು ಓದುವುದಿಲ್ಲವೆಂದು ದೂರುವವರು ಇದನ್ನು ಗಮನಿಸಬಹುದು. ೧೯೬೭ರಲ್ಲಿ ಕೊನೈನ್, ಬಾನರ್ ಮೊದಲಾದವರು ಆ ಮಾಯೆಯ ನಿಜರೂಪವನ್ನು ಬಯಲುಮಾಡಿದರು: ಅದು ಸೈಕ್ಲಿಕ್ ಎ. ಎಂ. ಪಿ. ಎಂಬ ಅಣು. ಅರ್ಲ್ ಸದರ್‌ಲ್ಯಾಂಡ್ ಇದೇ ಅಣುವನ್ನು ಅದಕ್ಕೆ ಸುಮಾರು ಹತ್ತು ವರ್ಷ ಮೊದಲು ಪ್ರಾಣಿಗಳ ಪಿತ್ತಜನಕಾಂಗದಲ್ಲಿ ಕಂಡಿದ್ದನು. ನಮ್ಮ ಕೋಶಗಳ ಒಳಗೆ ಸುದ್ದಿ ಒಯ್ಯುವ ಅಣುವೇ ಅಮೀಬಗಳಲ್ಲಿ ಹೊರಗಿನ ಕರೆಯಾಗಿದೆ.

ಈಗ ಕೋಶದ ಒಳಕ್ಕೆ ಹೋಗೋಣ. ಗ್ರಾಹಕವು ಒಂದು ಉದ್ದನೆಯ ಪ್ರೋಟೀನು. ಸೂಜಿಯ ದಾರವು ಬಟ್ಟೆಯನ್ನು ದಾಟುವಂತೆ ಹೊರಪೊರೆಯನ್ನು ಏಳು ಸಲ ದಾಟಿರುತ್ತದೆ. ಅದರ ಹೊರಮುಖಕ್ಕೆ ಕರೆಯ ಅಣು ತಗಲಿದಾಗ ಒಳಮುಖದ ಆಕಾರವು ಕೊಂಚ ಬದಲಾಗುತ್ತದೆ. ಒಳಗಡೆ ಅದರ ಪಕ್ಕದಲ್ಲಿ ಜಿ-ಪ್ರೋಟೀನೆಂಬ ಮೂರು ತುಂಡುಗಳ ಒಂದು ಕೂಟವು ಕಾದಿರುತ್ತದೆ. ಗ್ರಾಹಕದ ಆಕಾರ ಬದಲಾದ ಕೂಡಲೇ ಈ ಕೂಟವು ತನ್ನಲ್ಲಿದ್ದ ಜಿ. ಡಿ. ಪಿ. ಎಂಬ ಅಣುವನ್ನು ಬಿಟ್ಟು ಜಿ. ಟಿ. ಪಿ. ಎಂಬುದನ್ನು ಹಿಡಿದು ಎರಡಾಗಿ ಒಡೆಯುತ್ತದೆ. ಎರಡು ಭಾಗಗಳೂ ಮುಂದಿನವರಿಗೆ ಸುದ್ದಿಯನ್ನು ಮುಟ್ಟಿಸುತ್ತವೆ. ಈ ಜಿ-ಪ್ರೋಟೀನುಗಳನ್ನು ಕಂಡುಹಿಡಿದುದಕ್ಕಾಗಿ ಗಿಲ್‌ಮನ್ ಮತ್ತು ರಾಡ್‌ಬೆಲ್ ಎಂಬಿಬ್ಬರಿಗೆ ೧೯೯೪ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಇಲ್ಲಿ ಒಂದು ಸೋಜಿಗವಿದೆ. ದಿಕ್ಕನ್ನು ಅರಿಯಬೇಕಾದರೆ ಗ್ರಾಹಕಗಳೆಲ್ಲ ಮುಂದಲೆಯಲ್ಲಿ ಗುಂಪುಗೂಡಿರಬೇಕೆಂದು ಯಾರಾದರೂ ಊಹಿಸುತ್ತಾರೆ. ಅಮೀಬದಲ್ಲಿ ನೋಡಿದರೆ ಹಾಗಿಲ್ಲ. ಅವು ಸುತ್ತಲೂ ಒಂದೇ ಸಮನಾಗಿ ಹರಡಿವೆ. ಜಿ-ಪ್ರೋಟೀನುಗಳೂ ಹೆಚ್ಚುಕಡಮೆ ಹಾಗೆಯೇ. ಹಾಗಾದರೆ ನೂರಕ್ಕೊಂದರ ಕ್ಷೀಣವಾದ ಅಂತರವು ಎಲ್ಲಿ ದೊಡ್ಡದಾಗುತ್ತದೆ? ೧೯೯೮ರಲ್ಲಿ ಬಾಲ್ಟಿಮೋರಿನಲ್ಲಿ ಕ್ಯಾರೊಲ್ ಪೇರೆಂಟ್, ಪೀಟರ್ ಡೆವ್ರಿಯೋಟಿಸ್ ಮೊದಲಾದವರು ಇದನ್ನು ಕಣ್ಣಿಗೆ ಕಾಣುವಂತೆ ಮಾಡಿದರು. ಲೋಳೆಮೀನಿನಿಂದ ದೊರೆತ ಹಸುರು ಹೊಳಪಿನ ಪ್ರೋಟೀನನ್ನು, ಅಮೀಬದ ಒಳಗೆ ಸುದ್ದಿ ಸಾಗಿಸುವ ಒಂದು ಪ್ರೋಟೀನಿನ ತುಣುಕಿಗೆ ಅಂಟಿಸಿದರು. ಕರೆಯಿಲ್ಲದಾಗ ಹಸುರು ಬೆಳಕು ಕೋಶದ ಒಳಗೆಲ್ಲ ಮಸಕಾಗಿ ಹರಡಿತ್ತು. ಸೈಕ್ಲಿಕ್ ಎ. ಎಂ. ಪಿ. ತುಂಬಿದ ಸೂಜಿಗೊಳವೆಯನ್ನು ಒಂದು ಪಕ್ಕಕ್ಕೆ ಹಿಡಿದಾಗ, ಆ ಪಕ್ಕದ ಅಂಚಿನಲ್ಲಿ ಮಾತ್ರ ಬಿದಿಗೆಯ ಚಂದ್ರನಂತೆ ಹಸುರು ರೇಖೆ ಮೂಡಿತು. ಕೊಳವೆಯನ್ನು ಆಚೆಯ ಪಕ್ಕಕ್ಕೆ ಸರಿಸಿದರೆ ಚಂದ್ರನೂ ಆಚೆಗೆ ಸರಿದನು. ಇದಕ್ಕಿಂತ ಮುಖ್ಯವಾದುದೇನೆಂದರೆ, ಕೋಶದ ಕೈಕಾಲುಗಳನ್ನೇ ಕಟ್ಟಿಹಾಕುವಂಥ ಒಂದು ಔಷಧಿಯನ್ನು ಕೊಟ್ಟು ಅದನ್ನು ಅಲುಗದ ಉಂಡೆಯನ್ನಾಗಿ ಮಾಡಿದಾಗಲೂ ರೇಖೆಯು ಸರಿಯಾದ ದಿಕ್ಕಿಗೇ ಮೂಡಿತು. ದಿಕ್ಕನ್ನು ಅರಿಯುವುದು ಒಂದು ಕೆಲಸ, ನಡೆಯುವುದು ಮತ್ತೊಂದು ಕೆಲಸವೆಂಬುದು ಆಗ ಸ್ಥಿರಪಟ್ಟಿತು.

ಇನ್ನೊಂದು ಪರೀಕ್ಷೆಯಲ್ಲಿ ಅಮೀಬದ ಸುತ್ತಲೂ ದ್ರವ್ಯವನ್ನು ಒಂದೇ ಸಮನಾಗಿ ಸುರಿದರು. ಕೆಲವು ಸೆಕೆಂಡುಗಳಲ್ಲಿ ಅಂಚೆಲ್ಲವೂ ಹೊಳೆಯಿತು. ಆದರೆ ದ್ರವ್ಯವು ಇದ್ದಂತೆಯೇ ಇದ್ದರೂ ಸ್ವಲ್ಪ ಹೊತ್ತಿನಲ್ಲಿ ಹೊಳಪು ಆರಿಹೋಯಿತು. ಊದುಬತ್ತಿ ಹಚ್ಚಿದ ಕೋಣೆಗೆ ಕಾಲಿಟ್ಟವರಿಗೆ ಮೊದಲು ಘಮ್ಮೆನ್ನುವ ಪರಿಮಳವು ಕುಳಿತು ಮಾತಾಡುತ್ತಿರುವಲ್ಲಿ ಮರೆತುಹೋಗುವುದಷ್ಟೆ, ಇದೂ ಹಾಗೆಯೇ. ಈ ಮರೆವೇ ಕೋಶದ ಜಾಣತನದ ಬೀಜ. ಶಾಸ್ತ್ರಜ್ಞರು ಇದನ್ನು ವಿವರಿಸುವ ಬಗೆ ಹೀಗಿದೆ. ಕರೆ ತಗಲಿದಾಗ ಎರಡು ಬಗೆಯ ಪ್ರತಿಕ್ರಿಯೆಗಳು ಒಟ್ಟಿಗೇ ಹೊರಡುತ್ತವೆ. ಒಂದು ‘ಮುಂದಕ್ಕೆ’ ಎನ್ನುತ್ತದೆ. ಅದು ಶೀಘ್ರವಾದುದು, ತಗಲಿದ ಜಾಗದಲ್ಲಿಯೇ ನಿಲ್ಲುವಂಥದು. ಇನ್ನೊಂದು ‘ಬೇಡ’ ಎನ್ನುತ್ತದೆ. ಅದು ನಿಧಾನವಾದುದು, ಕೋಶದ ತುಂಬ ಸಮನಾಗಿ ಹರಡುವಂಥದು. ಹರಡುವ ಈ ‘ಬೇಡ’ವು ಸುತ್ತಲಿಂದ ಬಂದ ಕರೆಗಳೆಲ್ಲದರ ಸರಾಸರಿಯನ್ನು ಸೂಚಿಸುತ್ತದೆ. ತರಗತಿಯ ಸರಾಸರಿಯನ್ನು ಪ್ರತಿಯೊಬ್ಬ ವಿದ್ಯಾರ್ಥಿಯ ಅಂಕಗಳಿಂದ ಕಳೆದರೆ ಯಾರು ಮೇಲು ಯಾರು ಕೆಳಗು ಎಂಬುದು ಮಾತ್ರ ಉಳಿಯುವಂತೆ, ಪ್ರತಿಯೊಂದು ಅಂಚೂ ತನ್ನ ‘ಮುಂದಕ್ಕೆ’ಯಿಂದ ಎಲ್ಲರ ‘ಬೇಡ’ವನ್ನು ಕಳೆಯುತ್ತದೆ. ಸರಾಸರಿಗಿಂತ ಮೇಲಿರುವ ಅಂಚಿನಲ್ಲಿ ಕೊಂಚ ‘ಮುಂದಕ್ಕೆ’ ಉಳಿಯುತ್ತದೆ. ಉಳಿದ ಕಡೆ ‘ಬೇಡ’ವೇ ಗೆಲ್ಲುತ್ತದೆ. ಹೀಗೆ ಕೋಶವು ಓದುವುದು ದ್ರವ್ಯದ ಮೊತ್ತವನ್ನಲ್ಲ, ಅದರ ಅಂತರವನ್ನು. ಮೊತ್ತವನ್ನೇ ಓದುತ್ತಿದ್ದರೆ ಗಾಯವನ್ನು ಸಮೀಪಿಸಿದಂತೆಲ್ಲ ಎಲ್ಲ ಕಡೆಯಿಂದಲೂ ಕರೆಯು ಹೆಚ್ಚಿ, ದಿಕ್ಕೆಂಬುದೇ ಅಳಿಸಿಹೋಗುತ್ತಿತ್ತು.

ಹಾಗೆ ಉಳಿದ ಕೊಂಚವನ್ನು ದೊಡ್ಡದುಮಾಡುವ ಕೆಲಸದಲ್ಲಿ ಎರಡು ಕಿಣ್ವಗಳು ಪ್ರಸಿದ್ಧವಾಗಿವೆ. ಪಿ. ಐ. ೩-ಕೈನೇಸ್ ಎಂಬುದು ಮುಂದಲೆಯ ಪೊರೆಯಲ್ಲಿ ಕೊಬ್ಬಿನಂಥ ಒಂದು ಅಣುವಿಗೆ ಫಾಸ್ಫೇಟಿನ ಗುರುತನ್ನು ಹಾಕುತ್ತದೆ. ಹಿಂಬದಿಯಲ್ಲಿರುವ ಪಿಟೆನ್ ಎಂಬುದು ಆ ಗುರುತನ್ನು ಅಳಿಸುತ್ತದೆ. ಮೇಲೆ ಹೇಳಿದ ಹಸುರು ರೇಖೆಯು ಈ ಗುರುತನ್ನು ಹಿಡಿದು ಕುಳಿತಿದ್ದ ಪ್ರೋಟೀನೇ. ಅಮೀಬದಲ್ಲಿ ಇವೆರಡರ ಈ ಹಂಚಿಕೆಯು ೨೦೦೨ರಲ್ಲಿ ತಿಳಿದಾಗ, ದಿಕ್ಸೂಚಿಯೇ ಸಿಕ್ಕಿತೆಂದು ಅನೇಕರು ಸಂತೋಷಪಟ್ಟರು. ಆದರೆ ೨೦೦೭ರಲ್ಲಿ ಹೋಲರ್ ಮತ್ತು ಕೇ ಎಂಬಿಬ್ಬರು ಆ ಕೈನೇಸುಗಳೊಂದೂ ಇಲ್ಲದ ಅಮೀಬಗಳನ್ನು ಸಿದ್ಧಪಡಿಸಿ ನೋಡಿದಾಗ, ಅವೂ ಜಾಡನ್ನು ಹಿಡಿದು ನಡೆದವು! ಎಂದಮೇಲೆ ಈ ಗುರುತು ಹಲವು ದಾರಿಗಳಲ್ಲಿ ಒಂದು, ಏಕಮಾತ್ರವಾದುದಲ್ಲ. ನಮಗೆ ತೋರುವಂತೆ ಇದರಲ್ಲಿ ನಿರಾಶೆಪಡಬೇಕಾದುದೇನೂ ಇಲ್ಲ. ಪ್ರಾಣಾಧಾರವಾದ ಕೆಲಸವನ್ನು ಪ್ರಕೃತಿಯು ಒಂದೇ ಹಗ್ಗಕ್ಕೆ ನೇತುಹಾಕಿದ್ದರೆ ಅದೇ ಹೆಚ್ಚು ಆಶ್ಚರ್ಯವಾಗುತ್ತಿತ್ತು.

ನಡಗೆಯ ಯಂತ್ರವನ್ನು ಕುರಿತು ಸಂಕ್ಷೇಪವಾಗಿ ಹೇಳಿಬಿಡೋಣ. ಕೋಶದ ಒಳಗೆ ಆಕ್ಟಿನ್ ಎಂಬ ಪ್ರೋಟೀನಿನ ಮಣಿಗಳು ತೇಲುತ್ತಿರುತ್ತವೆ. ಇವು ಸರವಾಗಿ ಜೋಡಿಕೊಂಡಾಗ ಎಳೆಗಳಾಗುತ್ತವೆ. ಮುಂದಲೆಯಲ್ಲಿ ರ್ಯಾಕ್ ಎಂಬ ಚಿಕ್ಕ ಪ್ರೋಟೀನು ಜಿ. ಟಿ. ಪಿ.ಯನ್ನು ಹಿಡಿದು ಎಚ್ಚರಗೊಂಡರೆ, ವೇವ್ ಎಂಬ ಮಧ್ಯವರ್ತಿಯ ಮೂಲಕ ಆರ್ಪ್ ೨/೩ ಎಂಬ ಕೂಟಕ್ಕೆ ಅಪ್ಪಣೆ ಹೋಗುತ್ತದೆ. ಅದು ಹಳೆಯ ಎಳೆಯ ಪಕ್ಕದಿಂದ ಸುಮಾರು ೭೦ ಡಿಗ್ರಿಗಳ ಕೋನದಲ್ಲಿ ಹೊಸ ಎಳೆಯ ಟಿಸಿಲನ್ನು ಹೊರಡಿಸುತ್ತದೆ. ಟಿಸಿಲಿಗೆ ಟಿಸಿಲು ಸೇರಿ ದಟ್ಟವಾದ ಪೊದೆಯು ಬೆಳೆದು ಪೊರೆಯನ್ನು ಮುಂದಕ್ಕೆ ತಳ್ಳುತ್ತದೆ. ಹಿಂಬದಿಯಲ್ಲಿ ರೋ ಎಂಬ ಇನ್ನೊಂದು ಪ್ರೋಟೀನು, ನಮ್ಮ ಸ್ನಾಯುಗಳಲ್ಲಿಯೂ ಇರುವ ಮಯೊಸಿನ್ ಎಂಬುದರಿಂದ ಬಾಲವನ್ನು ಹಿಂಡಿಸುತ್ತದೆ. ರ್ಯಾಕ್ ಮತ್ತು ರೋಗಳಿಗೆ ಹೀಗೆ ಬೇರೆಬೇರೆ ಕೆಲಸಗಳಿವೆಯೆಂದು ೧೯೯೨ರಲ್ಲಿ ತೋರಿಸಿದವರು ಲಂಡನ್ನಿನಲ್ಲಿದ್ದ ಆನ್ ರಿಡ್ಲಿ ಮತ್ತು ಆಲನ್ ಹಾಲ್. ಎರಡೂ ಪರಸ್ಪರ ವಿರೋಧಿಗಳು: ಒಂದು ಎಚ್ಚತ್ತಲ್ಲಿ ಇನ್ನೊಂದು ಅಡಗುತ್ತದೆ. ನಮ್ಮ ರಥೋತ್ಸವದಲ್ಲಿ ಮುಂದೆ ಮಿಣಿ ಹಿಡಿದು ಎಳೆಯುವವರೂ ಹಿಂದೆ ಚಕ್ರಕ್ಕೆ ಸನ್ನೆ ಹಾಕಿ ಮೀಟುವವರೂ ತಮ್ಮತಮ್ಮ ಸ್ಥಾನದಲ್ಲಿದ್ದರೆ ತೇರು ನಡೆಯುತ್ತದೆ. ಇಬ್ಬರೂ ಒಂದೇ ಕಡೆ ನೆರೆದರೆ ನೂಕುನುಗ್ಗಲಾದೀತೇ ಹೊರತು ತೇರು ಕದಲದು.

ಈ ಪ್ರೋಟೀನುಗಳ ಸರಪಣಿಯಲ್ಲಿ ಒಂದು ಕೊಂಡಿ ಕೆಟ್ಟರೆ ಏನಾಗುವುದೆಂಬುದು ಊಹೆಯ ಮಾತಲ್ಲ. ೨೦೦೦ನೆಯ ಇಸವಿಯಲ್ಲಿ ಅಮೆರಿಕದ ವೈದ್ಯರು ಒಂದು ಗಂಡು ಕೂಸಿನ ವಿಷಯವನ್ನು ಪ್ರಕಟಿಸಿದರು. ಆ ಕೂಸಿನ ಹೊಕ್ಕುಳಬಳ್ಳಿಯು ಕಾಲಕ್ಕೆ ಸರಿಯಾಗಿ ಉದುರಲಿಲ್ಲ. ಹುಟ್ಟಿದ ಕೆಲವೇ ವಾರಗಳಲ್ಲಿ ಬ್ಯಾಕ್ಟೀರಿಯಗಳಿಂದ ಹುಣ್ಣಾಯಿತು. ಶಸ್ತ್ರವೈದ್ಯರು ಕೊಯ್ದ ಗಾಯವೂ ಮಾಯಲಿಲ್ಲ. ರಕ್ತವನ್ನು ಪರೀಕ್ಷಿಸಿದರೆ ಬಿಳಿಯ ಕಣಗಳಿಗೆ ಕೊರತೆಯಿಲ್ಲ. ಬೇಕಾದುದಕ್ಕಿಂತ ಹೆಚ್ಚಾಗಿಯೇ ಇದ್ದವು. ಆದರೆ ಸೋಂಕು ತಗಲಿದ ಜಾಗದಲ್ಲಿ ಕೀವೇ ಇರಲಿಲ್ಲ. ನಾವು ಹೇಸುವ ಆ ಕೀವು ಕಾಣದಿದ್ದುದೇ ಇಲ್ಲಿ ಅಪಾಯದ ಲಕ್ಷಣ. ಕಾರಣವನ್ನು ಹುಡುಕಿದಾಗ, ಬಿಳಿಯ ಕಣಗಳ ರ್ಯಾಕ್-೨ ಎಂಬ ಪ್ರೋಟೀನಿನ ೧೯೨ ಅಮೈನೊ ಆಮ್ಲಗಳಲ್ಲಿ ೫೭ನೆಯದೊಂದು ಮಾತ್ರ ಬೇರೆಯಾಗಿತ್ತು. ಕಣಗಳು ರಕ್ತದಲ್ಲಿ ತುಂಬಿದ್ದವು, ಕರೆಯೂ ಬರುತ್ತಿತ್ತು. ಆದರೆ ಆ ಕರೆಗೆ ಮುಖವೆತ್ತಿ ಹೊರಡುವ ಶಕ್ತಿ ಅವಕ್ಕಿರಲಿಲ್ಲ. ಬೇರೊಬ್ಬರ ಮಜ್ಜೆಯನ್ನು ಕಸಿಮಾಡಿದಮೇಲೆ ಕೂಸು ಉಳಿಯಿತು.

ಇದಕ್ಕೆ ತದ್ವಿರುದ್ಧವಾದ ಒಂದು ರೋಗವುಂಟು. ಎಲುಬಿನ ಮಜ್ಜೆಯು ಸಿ. ಎಕ್ಸ್. ಸಿ. ಎಲ್. ೧೨ ಎಂಬ ಕೀಮೊಕೈನನ್ನು ಸ್ರವಿಸಿ ಬಿಳಿಯ ಕಣಗಳನ್ನು ತನ್ನಲ್ಲಿ ಹಿಡಿದಿಟ್ಟುಕೊಂಡಿರುತ್ತದೆ; ಅದನ್ನು ಕೇಳುವ ಗ್ರಾಹಕದ ಹೆಸರು ಸಿ. ಎಕ್ಸ್. ಸಿ. ಆರ್. ೪. ಕಣಗಳು ಬಲಿತಮೇಲೆ ಈ ಕರೆಯು ಸಡಲಿ ಅವು ರಕ್ತಕ್ಕೆ ಇಳಿಯಬೇಕು. ೨೦೦೩ರಲ್ಲಿ, ‘ವಿಮ್’ ಎಂಬ ಅತಿ ವಿರಳವಾದ ವ್ಯಾಧಿಯುಳ್ಳವರಲ್ಲಿ ಈ ಗ್ರಾಹಕದ ಬಾಲವು ಮೊಟಕಾಗಿರುವುದರಿಂದ ಒಮ್ಮೆ ತಗಲಿದ ಕರೆ ಬೇಗ ಆರುವುದೇ ಇಲ್ಲವೆಂದು ಕಂಡುಬಂದಿತು. ಅವರ ಬಿಳಿಯ ಕಣಗಳು ಮಜ್ಜೆಯಲ್ಲಿಯೇ ಕಿಕ್ಕಿರಿದಿರುತ್ತವೆ, ರಕ್ತವು ಬರಿದಾಗಿರುತ್ತದೆ. ಮತ್ತೆ ಮತ್ತೆ ಸೋಂಕು ತಗಲುತ್ತದೆ. ಊದುಬತ್ತಿಯ ವಾಸನೆಯನ್ನು ಮರೆಯಲಾರದ ಮೂಗು ಎಂಥ ಶಿಕ್ಷೆಯೆಂಬುದಕ್ಕೆ ಇದು ನಿದರ್ಶನ.

ಈ ವ್ಯಾಧಿಯು ಮೊತ್ತಮೊದಲು ವರ್ಣಿತವಾದುದು ೧೯೬೪ರಲ್ಲಿ, ಅಮೆರಿಕದ ಒಬ್ಬ ಬಾಲಕಿಯಲ್ಲಿ. ಐವತ್ತು ವರ್ಷಗಳಾದಮೇಲೆ ಆಕೆಯ ವಿಷಯದಲ್ಲಿ ನಡೆದುದು ಕಥೆಗಾರರ ಕಲ್ಪನೆಯನ್ನೂ ಮೀರುವಂಥದು. ವ್ಯಾಧಿಯಿದ್ದ ತನ್ನ ಹೆಣ್ಣುಮಕ್ಕಳೊಡನೆ ವೈದ್ಯರಲ್ಲಿಗೆ ಬಂದ ಆಕೆ, ತನಗೆ ಸುಮಾರು ಇಪ್ಪತ್ತು ವರ್ಷಗಳಿಂದ ಯಾವ ತೊಂದರೆಯೂ ಇಲ್ಲವೆಂದು ಹೇಳಿದಳು. ಪರೀಕ್ಷಿಸಿದಾಗ, ಆಕೆಯ ಮಜ್ಜೆಯ ಒಂದು ಮೂಲಕೋಶದಲ್ಲಿ ಎರಡನೆಯ ಕ್ರೋಮೊಸೋಮಿನ ಒಂದು ಪ್ರತಿಯು ಯಾವಾಗಲೋ ಚೂರುಚೂರಾಗಿ ಒಡೆದು ಅಡ್ಡಾದಿಡ್ಡಿಯಾಗಿ ಕೂಡಿಕೊಂಡಿತ್ತು. ಹಾಗೆ ಕೂಡುವಾಗ ೧೬೪ ಜೀನುಗಳು ಕಳೆದುಹೋಗಿದ್ದವು. ಕಳೆದವುಗಳಲ್ಲಿ ಕೆಟ್ಟ ಗ್ರಾಹಕದ ಜೀನೂ ಒಂದು! ಆ ಒಂದು ಕೋಶದ ಸಂತತಿಯೇ ಆಕೆಯ ಮಜ್ಜೆಯಲ್ಲಿ ಹಬ್ಬಿ ಆಕೆಯನ್ನು ಗುಣಪಡಿಸಿತ್ತು. ಇಂಥ ಒಡಕು ಸಾಮಾನ್ಯವಾಗಿ ಕೋಶವನ್ನು ಕೊಲ್ಲುತ್ತದೆ, ಇಲ್ಲವೆ ಕ್ಯಾನ್ಸರಿಗೆ ದಾರಿಮಾಡುತ್ತದೆ. ೨೦೧೫ರಲ್ಲಿ ಈ ಸಂಗತಿ ಪ್ರಕಟವಾಯಿತು. ೨೦೨೪ರಲ್ಲಿ ಅಮೆರಿಕದ ಸರ್ಕಾರವು, ಆ ಗ್ರಾಹಕದ ಕಿವಿಗೆ ಬೆಣೆ ಹಾಕುವ ಒಂದು ಔಷಧಿಯನ್ನು ಈ ವ್ಯಾಧಿಗೆ ಬಳಸಲು ಒಪ್ಪಿಗೆ ಕೊಟ್ಟಿತು.

ಇದೇ ಗ್ರಾಹಕವು ಇನ್ನೂ ದೊಡ್ಡ ಕೇಡಿಗೆ ಉಪಕರಣವಾಗುವುದುಂಟು.  ಸ್ತನದ ಕ್ಯಾನ್ಸರಿನ ಕೋಶಗಳ ಮೇಲೆ ಸಿ. ಎಕ್ಸ್. ಸಿ. ಆರ್. ೪ ಹೇರಳವಾಗಿದೆಯೆಂದೂ, ಆ ಕ್ಯಾನ್ಸರು ಹೆಚ್ಚಾಗಿ ಹಬ್ಬುವ ದುಗ್ಧಗ್ರಂಥಿ, ಶ್ವಾಸಕೋಶ, ಪಿತ್ತಜನಕಾಂಗ, ಮಜ್ಜೆ ಇವುಗಳಲ್ಲಿಯೇ ಅದನ್ನು ಕರೆಯುವ ಕೀಮೊಕೈನೂ ಹೇರಳವಾಗಿದೆಯೆಂದೂ ೨೦೦೧ರಲ್ಲಿ ತೋರಿಬಂದಿತು. ಹಿಂಬದಿಯ ಗುರುತನ್ನು ಅಳಿಸುವುದೆಂದು ಮೇಲೆ ಹೇಳಿದ ಪಿಟೆನ್ ಮೊದಲು ಬೆಳಕಿಗೆ ಬಂದುದೇ ೧೯೯೭ರಲ್ಲಿ, ಕ್ಯಾನ್ಸರುಗಳಲ್ಲಿ ಮತ್ತೆ ಮತ್ತೆ ನಷ್ಟವಾಗಿರುವ ಜೀನೆಂದು.

ಆದರೆ ದೇಹದ ಒಳಗೆ ದಾರಿಗಳು ನೇರವಾಗಿಲ್ಲ. ಕರೆಯು ದೂರ ಹೋದಂತೆಲ್ಲ ಅಂತರವು ಕ್ಷಯಿಸುತ್ತದೆ. ಕೆಲವು ಕಡೆ ದ್ರವ್ಯವು ಎಲ್ಲೆಲ್ಲಿಯೂ ಸಮನಾಗಿಯೇ ಇರುತ್ತದೆ. ಅಂತರವಿಲ್ಲದಲ್ಲಿ ಕೋಶಕ್ಕೆ ದಿಕ್ಕೆಲ್ಲಿಯದು? ಗ್ಲಾಸ್ಗೋ ಪಟ್ಟಣದ ರಾಬರ್ಟ್ ಇನ್‌ಸಾಲ್ ಮತ್ತು ಆತನ ಸಂಗಡಿಗರು ೨೦೨೦ರಲ್ಲಿ ಇದಕ್ಕೆ ವಿಲಕ್ಷಣವಾದ ಉತ್ತರ ಕೊಟ್ಟರು. ಅವರು ಸೂಕ್ಷ್ಮವಾದ ಚಕ್ರವ್ಯೂಹಗಳನ್ನು ನಿರ್ಮಿಸಿ, ಸೆಳೆಯುವ ದ್ರವ್ಯವನ್ನು ಅದರ ತುಂಬ ಹರಡಿ, ಎಲೆಯಮೀಬಗಳನ್ನು ಬಾಗಿಲಿನಲ್ಲಿ ಬಿಟ್ಟರು. ಅಮೀಬಗಳು ಅನೇಕವಾಗಿ ಮುಟ್ಟಬೇಕಾದ ಕಡೆಗೆ ಹೋಗಿ ಮುಟ್ಟಿದವು. ಹೇಗೆಂದರೆ, ಅವು ತಮ್ಮ ಸುತ್ತಣ ದ್ರವ್ಯವನ್ನು ತಾವೇ ಒಡೆದು ನಾಶಮಾಡುತ್ತ ನಡೆದವು. ಬೆನ್ನ ಹಿಂದೆ ದ್ರವ್ಯವು ಬರಿದಾಯಿತು, ಮುಂದೆ ಉಳಿಯಿತು; ಇಲ್ಲದಿದ್ದ ಅಂತರವು ಹೀಗೆ ಹುಟ್ಟಿತು. ಮುಂದೆ ಮುಚ್ಚಿರುವ ಚಿಕ್ಕ ಓಣಿಗಳಲ್ಲಿದ್ದ ದ್ರವ್ಯವು ಅವು ಕವಲಿಗೆ ಬರುವಷ್ಟರಲ್ಲಿಯೇ ತೀರಿಹೋಗುತ್ತಿತ್ತು; ಆಚೆಗೆ ತೆರೆದಿರುವ ದಾರಿಯಲ್ಲಿ ಮಾತ್ರ ಹೊಸದು ಒದಗುತ್ತಿತ್ತು. ಹೋಗಿ ನೋಡುವ ಮೊದಲೇ ಯಾವ ಓಣಿ ಮುಚ್ಚಿದೆಯೆಂದು ಅವಕ್ಕೆ ತಿಳಿದಂತಾಯಿತು. ಅದೇ ವ್ಯೂಹದಲ್ಲಿ ಇಲಿಯ ಮೇದೋಜೀರಕಾಂಗದ ಕ್ಯಾನ್ಸರ್ ಕೋಶಗಳನ್ನು ಬಿಟ್ಟಾಗ ಅವುಗಳೂ ಇದೇ ಉಪಾಯದಿಂದ ದಾರಿಯನ್ನು ಕಂಡುಕೊಂಡವು. ಇವು ಅಮೀಬಗಳಿಗಿಂತ ನಿಧಾನವಾಗಿ ನಡೆಯುತ್ತವೆ, ಅಷ್ಟೇ ಭೇದ. ಮೆಲನೋಮವೆಂಬ ಚರ್ಮದ ಕ್ಯಾನ್ಸರಿನಲ್ಲಿಯೂ ಹೀಗೆಯೇ ಎಂದು ಅದೇ ತಂಡದವರು ೨೦೧೪ರಲ್ಲಿ ತೋರಿಸಿದ್ದರು: ಗಡ್ಡೆಯೊಳಗಿನ ಕೋಶಗಳು ಎಲ್. ಪಿ. ಎ. ಎಂಬ ದ್ರವ್ಯವನ್ನು ಒಡೆದು ತೀರಿಸುವುದರಿಂದ ಗಡ್ಡೆಯ ಹೊರಗೆ ಹೆಚ್ಚು, ಒಳಗೆ ಕಡಮೆ ಎಂಬ ಅಂತರವು ಏರ್ಪಡುತ್ತದೆ; ಆ ಅಂತರವನ್ನೇ ಹಿಡಿದು ಕೋಶಗಳು ಗಡ್ಡೆಯನ್ನು ಬಿಟ್ಟು ರಕ್ತನಾಳಗಳ ಕಡೆಗೆ ಹೊರಡುತ್ತವೆ.